ಲಿಬ್ರೆಆಫೀಸ್ ರೈಟರ್: ಹಲವರು ಬರೆದ ಸ್ಮರಣ ಸಂಚಿಕೆಗೆ ಒಂದೇ ರೂಪ

ಮುಂಬಯಿಯ ಕನ್ನಡ ಸಂಘಗಳ ಸ್ಮರಣ ಸಂಚಿಕೆಗಳಿಗೆ ಡೊಂಬಿವಲಿ, ಮೀರಾ ರೋಡ್, ಊರು ಎಂದು ಎಲ್ಲೆಡೆಯಿಂದ ಲೇಖನಗಳು ಬರುವುದರಿಂದ, ಅವನ್ನೆಲ್ಲ ಒಂದೇ ಫೈಲಿಗೆ ಸೇರಿಸಿದಾಗ ಫಾಂಟ್, ಅಕ್ಷರದ ಗಾತ್ರ, ಸಾಲುಗಳ ಅಂತರ ಪುಟಕ್ಕೊಂದು ಬಗೆಯಾಗಿರುತ್ತವೆ. ಅಂಥದೊಂದು ದಪ್ಪ ಸಂಚಿಕೆಯನ್ನು ಡಿಟಿಪಿಗೆ ಕೊಡುವ ಮುನ್ನ ಹದಗೊಳಿಸಲು ನಾನು ಬಳಸಿದ್ದು ಲಿಬ್ರೆಆಫೀಸ್ ರೈಟರ್ ಎಂಬ ಉಚಿತ ತಂತ್ರಾಂಶವನ್ನು.

ಇದರಲ್ಲಿ ನನಗೆ ಬಹಳ ಹಿಡಿಸಿದ್ದು 2023ರ 7.6ನೆಯ ಆವೃತ್ತಿಯಲ್ಲಿ ಬಂದ ‘ಸ್ಪಾಟ್‌ಲೈಟ್’ ಸೌಲಭ್ಯ. ಶೀರ್ಷಿಕೆ, ಪ್ಯಾರಾ ಮುಂತಾದವುಗಳ ಫಾಂಟ್, ಗಾತ್ರ, ಅಂತರಗಳನ್ನು ಒಟ್ಟಾಗಿ ಒಂದು ಹೆಸರಿನಲ್ಲಿ ಉಳಿಸಿಟ್ಟದ್ದೇ ‘ಸ್ಟೈಲ್’. ಎಫ್11 ಒತ್ತಿ ಸ್ಟೈಲ್‌ಗಳ ಪಟ್ಟಿಯನ್ನು ತೆರೆದು ಇದನ್ನು ಚಾಲೂ ಮಾಡಿದರೆ, ಪ್ರತಿಯೊಂದು ಪ್ಯಾರಾದ ಪಕ್ಕದಲ್ಲಿ ಅದರ ಸ್ಟೈಲಿಗೆ ತಕ್ಕ ಬಣ್ಣ ಮತ್ತು ಸಂಖ್ಯೆ ಮೂಡುತ್ತವೆ. ಸ್ಟೈಲನ್ನು ಮೀರಿ ಯಾರೋ ಕೈಯಾರೆ ಬದಲಾವಣೆ ಮಾಡಿದ್ದರೆ ಆ ಬಣ್ಣದ ಮೇಲೆ ಓರೆಗೆರೆಗಳು ಕಾಣುತ್ತವೆ. ನೋಡಲು ಶೀರ್ಷಿಕೆಯಂತಿದ್ದು, ವಾಸ್ತವದಲ್ಲಿ ದಪ್ಪಗೊಳಿಸಿದ ಸಾಮಾನ್ಯ ಪ್ಯಾರಾ ಆಗಿರುವ ಸಾಲುಗಳು ಇದರಿಂದ ತಕ್ಷಣ ಸಿಕ್ಕಿಬೀಳುತ್ತವೆ.

ಕಂಟ್ರೋಲ್ ಎಂ ಒತ್ತಿದರೆ ಆಯ್ದ ಭಾಗದ ಕೈಯಾರೆ ಬದಲಾವಣೆಗಳೆಲ್ಲ ಅಳಿದುಹೋಗುತ್ತವೆ. ಆದರೆ ಬೇಕಾದದ್ದು, ಬೇಡದ್ದು ಎಂಬ ವಿವೇಚನೆ ಅದಕ್ಕಿಲ್ಲ. ಕೃತಿಗಳ ಹೆಸರಿಗೆ ಕೊಟ್ಟ ಓರೆ ಅಕ್ಷರವೂ ಜೊತೆಗೇ ಹೋಗುತ್ತದೆ. ಇದಕ್ಕಿಂತ ದೊಡ್ಡ ಅಪಾಯವಿರುವುದು ‘ನುಡಿ’, ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟ್‌ಗಳಲ್ಲಿ ಟೈಪು ಮಾಡಿದ ಲೇಖನಗಳಲ್ಲಿ. ಅಲ್ಲಿ ಕನ್ನಡವಾಗಿ ಕಾಣುವುದು ಫಾಂಟಿನ ಬಲದಿಂದ ಮಾತ್ರ. ಆ ಫಾಂಟನ್ನು ಅಳಿಸಿದೊಡನೆ ಪುಟವಿಡೀ ಅರ್ಥವಿಲ್ಲದ ರೋಮನ್ ಅಕ್ಷರಗಳಾಗುವುದಲ್ಲದೆ, ನಡುವೆ ನಿಜವಾದ ಇಂಗ್ಲಿಷ್ ಪದಗಳು ಯಾವುವು ಎಂಬ ಗುರುತೂ ಉಳಿಯುವುದಿಲ್ಲ. ಹಾಗಾಗಿ ಕನ್ನಡ ಅಕ್ಷರಗಳಿಗೆ ಅವುಗಳದ್ದೇ ಸಂಕೇತಗಳಿರುವ ಯುನಿಕೋಡಿಗೆ ಪರಿವರ್ತನೆ ಮೊದಲು, ಶುದ್ಧೀಕರಣ ಆಮೇಲೆ.

ಕನ್ನಡವನ್ನು ರೈಟರ್ ‘ಸಂಕೀರ್ಣ ಲಿಪಿ’ಗಳ ಗುಂಪಿನಲ್ಲಿಟ್ಟು, ಅದರ ಫಾಂಟ್ ಮತ್ತು ಗಾತ್ರಗಳನ್ನು ರೋಮನ್ ಲಿಪಿಯಿಂದ ಬೇರೆಯಾಗಿ ನೋಡಿಕೊಳ್ಳುತ್ತದೆ. ಇದರಿಂದ ಒಂದೇ ಸ್ಟೈಲಿನಲ್ಲಿ ಕನ್ನಡಕ್ಕೊಂದು, ಇಂಗ್ಲಿಷಿಗೊಂದು ಫಾಂಟನ್ನು ನಿಗದಿಪಡಿಸಬಹುದು. ರೋಮನ್ ಲಿಪಿಯ ಗಾತ್ರವನ್ನಷ್ಟೇ ಬದಲಿಸಿ, ಕನ್ನಡ ಯಾಕೆ ಕದಲಲಿಲ್ಲವೆಂದು ತಲೆ ಕೆರೆದುಕೊಳ್ಳುವವರೂ ಇದ್ದಾರೆ. ನಮ್ಮ ಮುಂಬಯಿಯವರಿಗೆ ಇಲ್ಲೊಂದು ತೊಡಕಿದೆ: ದೇವನಾಗರಿಯೂ ಇದೇ ಗುಂಪಿಗೆ ಸೇರುವುದರಿಂದ, ಲೇಖನದ ನಡುವೆ ಬರುವ ಮರಾಠಿ ಅಭಂಗಗಳಿಗೆ ಸ್ಟೈಲಿನಲ್ಲಿ ಪ್ರತ್ಯೇಕ ಜಾಗವಿಲ್ಲ. ಅವುಗಳಿಗಾಗಿ ಬೇರೆಯೇ ಸ್ಟೈಲೊಂದನ್ನು ಮಾಡಿಟ್ಟುಕೊಳ್ಳುವುದು ಅನಿವಾರ್ಯ.

ಖಾಲಿ ಪ್ಯಾರಾಗಳನ್ನೂ ಜೋಡಿ ಖಾಲಿ ಜಾಗಗಳನ್ನೂ ‘ಹುಡುಕು, ಬದಲಿಸು’ ಸೌಲಭ್ಯವೇ ತೆಗೆದುಹಾಕುತ್ತದೆ.

ನಾಲ್ಕು ಪುಟದ ವರದಿಗೆ ಇಷ್ಟೆಲ್ಲ ಬೇಕಿಲ್ಲ. ಸಂಶೋಧನ ಪ್ರಬಂಧ, ಅಭಿನಂದನ ಗ್ರಂಥಗಳಂಥ ಕೆಲಸಕ್ಕೆ ಮಾತ್ರ ಇದನ್ನು ಸಂಕೋಚವಿಲ್ಲದೆ ಶಿಫಾರಸು ಮಾಡುತ್ತೇನೆ. ಮುದ್ರಣಾಲಯದವರು ಇನ್‌ಡಿಸೈನ್‌ನಲ್ಲಿ ಪುಟ ಕಟ್ಟುವವರಾದರೆ ಫೈಲನ್ನು ಡಾಕ್ಸ್ (.docx) ರೂಪದಲ್ಲಿ ಉಳಿಸಿ ಕೊಡಿ. ಸ್ಟೈಲ್‌ಗಳ ಹೆಸರುಗಳು ಅಲ್ಲಿಗೂ ಬರುತ್ತವೆ.