ಬೀಗ ಬಿದ್ದ ಮದುವೆ ಫೋಟೋಗಳು: ಎಮ್ಸಿಸಾಫ್ಟ್‌ನ ಉಚಿತ ಟೂಲ್ ಬಳಸಿದ ನಮ್ಮ ಅನುಭವ

ಕಂಪ್ಯೂಟರಿಗೆ ರಾನ್ಸಮ್‌ವೇರ್, ಅಂದರೆ ಫೈಲುಗಳಿಗೆ ಬೀಗ ಹಾಕಿ ತೆರೆಯೋಕೆ ದುಡ್ಡು ಕೇಳುವ ವೈರಸ್, ಹೊಕ್ಕಿ, ಏನು ಮಾಡೋದು ಅಂತ ಗೊತ್ತಾಗದೆ ಇದನ್ನು ಓದುತ್ತಿದ್ದರೆ ಮೊದಲು ಇಷ್ಟು ಮಾಡಿ. ನೆಟ್ ವೈರ್ ಕಿತ್ತುಬಿಡಿ. ಹಾರ್ಡ್‌ಡಿಸ್ಕ್, ಪೆನ್‌ಡ್ರೈವ್ ಏನೇ ಚುಚ್ಚಿದ್ದರೂ ತೆಗೆಯಿರಿ. ಈಗಲೇ ಫಾರ್ಮ್ಯಾಟ್ ಹೊಡೆಯಬೇಡಿ, ಯಾರಿಗೂ ದುಡ್ಡು ಕಳಿಸಬೇಡಿ. ಉಳಿದದ್ದನ್ನು ಕೂತು ನಿಧಾನವಾಗಿ ಓದಿ.

ನಮ್ಮ ಭಾವ ತಿಪಟೂರಿನಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದಾರೆ. 2023ರ ಮೇ ತಿಂಗಳು, ಮದುವೆ ಸೀಸನ್. ರಾತ್ರಿ ಹನ್ನೊಂದು ಗಂಟೆಗೆ ಫೋನ್ ಮಾಡಿದರು. "ಲೋ, ಒಂದು ಫೋಟೋನೂ ಓಪನ್ ಆಗ್ತಿಲ್ಲ ಕಣೋ. ಎಲ್ಲಾ ಫೈಲ್ ಹೆಸರಿನ ಕೊನೆಗೂ ಏನೋ ನಾಲ್ಕು ಅಕ್ಷರ ಸೇರ್ಕೊಂಡಿದೆ" ಅಂದರು. ಅವರ ದನಿ ಹಾಗೆ ನಡುಗಿದ್ದನ್ನು ನಾನು ಅದುವರೆಗೂ ಕೇಳಿರಲಿಲ್ಲ. ಮರುದಿನ ಬೆಳಿಗ್ಗೆ ಬೆಂಗಳೂರಿನಿಂದ ಮೊದಲ ಟ್ರೈನ್ ಹಿಡಿದು ಹೋದೆ.

ಆಗಿದ್ದು ಇಷ್ಟು. ಆಲ್ಬಂ ಡಿಸೈನ್‌ಗೆ ಅಂತ ಒಂದು ಸಾಫ್ಟ್‌ವೇರಿನ ಕ್ರ್ಯಾಕ್, ಅಂದರೆ ದುಡ್ಡು ಕೊಡದೆ ಬಳಸುವ ಕಳ್ಳ ಪ್ರತಿ, ಇಳಿಸಿಕೊಂಡಿದ್ದರು. ಅದರ ಜೊತೆಗಿದ್ದ ಚೀಟಿಯಲ್ಲಿ "ಮೊದಲು ಆಂಟಿವೈರಸ್ ಆಫ್ ಮಾಡಿ" ಅಂತ ಇತ್ತು. ಆಫ್ ಮಾಡಿದ್ದಾರೆ, ಡಬಲ್ ಕ್ಲಿಕ್ ಮಾಡಿದ್ದಾರೆ. ವಿಂಡೋಸ್ ಅಪ್‌ಡೇಟ್ ತರದ್ದೇ ಒಂದು ಕಿಟಕಿ ತೆರೆದುಕೊಂಡಿದೆ. ಅಪ್‌ಡೇಟ್ ಆಗ್ತಿದೆ, ಕಾಯಬೇಕು ಅಂತ ಊಟಕ್ಕೆ ಹೋಗಿದ್ದಾರೆ. ಆ ಕಿಟಕಿ ಸುಳ್ಳು. ಅದರ ಹಿಂದೆ ಒಂದೊಂದೇ ಫೈಲಿಗೆ ಬೀಗ ಬೀಳುತ್ತಿತ್ತು. ಚುಚ್ಚಿಟ್ಟಿದ್ದ ಎರಡು ಟೆರಾಬೈಟ್ ಹಾರ್ಡ್‌ಡಿಸ್ಕಿಗೂ ಬಿತ್ತು. ಬ್ಯಾಕಪ್ ಅಂತ ಇದ್ದದ್ದು ಅದೊಂದೇ.

ಪ್ರತಿ ಫೋಲ್ಡರಿನಲ್ಲೂ ‘ರೀಡ್‌ಮಿ’ ಅಂತ ಒಂದು ಟೆಕ್ಸ್ಟ್ ಫೈಲ್. 980 ಡಾಲರ್ ಕೊಡಿ, 72 ಗಂಟೆಯೊಳಗೆ ಸಂಪರ್ಕಿಸಿದರೆ ಅರ್ಧ ಬೆಲೆ, 490 ಡಾಲರ್. ಅವತ್ತಿನ ಲೆಕ್ಕದಲ್ಲಿ ಸುಮಾರು 40 ಸಾವಿರ ರೂಪಾಯಿ. ನಂಬಿಕೆ ಬರಲಿ ಅಂತ ಒಂದು ಫೈಲ್ ಬಿಟ್ಟಿ ಬಿಡಿಸಿಕೊಡುತ್ತಾರಂತೆ. ಭಾವ ಆಗಲೇ ಸೊಸೈಟಿಯಲ್ಲಿ ಸಾಲ ಕೇಳೋಣ ಅಂತಿದ್ದರು. ಜೂನ್ ಮೊದಲ ವಾರ ಮೂರು ಆಲ್ಬಂ ಕೊಡಬೇಕಿತ್ತು, ಪಾಪ.

ನಾನು ಮೊದಲು ಮಾಡಿದ್ದು ಐಡಿ ರಾನ್ಸಮ್‌ವೇರ್ ಅನ್ನೋ ಸೈಟಿನಲ್ಲಿ ಪರೀಕ್ಷೆ. ಮೈಕೆಲ್ ಗಿಲೆಸ್ಪಿ ಎಂಬ ಅಮೆರಿಕದ ಪ್ರೋಗ್ರಾಮರ್ 2016ರಲ್ಲಿ ಶುರು ಮಾಡಿದ ಸೈಟ್ ಅದು. ದುಡ್ಡು ಕೇಳಿದ ಆ ‘ರೀಡ್‌ಮಿ’ ಚೀಟಿಯನ್ನೂ ಬೀಗ ಬಿದ್ದ ಒಂದು ಫೈಲನ್ನೂ ಅಪ್‌ಲೋಡ್ ಮಾಡಿದರೆ ಇದು ಯಾವ ಜಾತಿಯ ರಾನ್ಸಮ್‌ವೇರ್ ಅಂತ ಹೇಳುತ್ತದೆ. ಒಂದೇ ನಿಮಿಷದಲ್ಲಿ ಉತ್ತರ ಬಂತು: ಸ್ಟಾಪ್ ಡಿಜೆವಿಯು. ಇದೇ ಕೆಲಸವನ್ನು ನೋ ಮೋರ್ ರಾನ್ಸಮ್ ಎಂಬ ಸೈಟೂ ಮಾಡುತ್ತದೆ. ನೆದರ್ಲೆಂಡ್ಸ್ ಪೊಲೀಸರು, ಯುರೋಪಿನ ಪೊಲೀಸ್ ಸಂಸ್ಥೆ ಯುರೋಪೋಲ್, ಆಂಟಿವೈರಸ್ ಕಂಪನಿಗಳಾದ ಕ್ಯಾಸ್ಪರ್‌ಸ್ಕಿ ಮತ್ತು ಇಂಟೆಲ್ ಸೆಕ್ಯುರಿಟಿ ಸೇರಿ 2016ರ ಜುಲೈನಲ್ಲಿ ತೆರೆದದ್ದು. ಬೇರೆ ಬೇರೆ ರಾನ್ಸಮ್‌ವೇರ್‌ಗಳ ಬೀಗ ತೆಗೆಯುವ ನೂರಕ್ಕೂ ಜಾಸ್ತಿ ಟೂಲ್‌ಗಳು ಅಲ್ಲಿ ಒಂದೇ ಕಡೆ ಸಿಗುತ್ತವೆ, ಎಲ್ಲವೂ ಪುಕ್ಕಟೆ. ಟೂಲ್ ಇಳಿಸಿಕೊಳ್ಳೋದಾದರೆ ಅಲ್ಲಿಂದಲೇ ಇಳಿಸಿಕೊಳ್ಳಿ ಅಂತ ನಾನು ಒತ್ತಿ ಹೇಳುತ್ತೇನೆ. ಯಾಕೆಂದರೆ 2020ರಲ್ಲಿ ಇದೇ ಡಿಜೆವಿಯು ಬೀಗ ತೆಗೆಯುತ್ತೇನೆ ಅಂತ ಹೇಳಿಕೊಂಡು ಒಂದು ನಕಲಿ ಟೂಲ್ ಹರಿದಾಡಿತ್ತು. ಒಳಗಿದ್ದದ್ದು ಜೋರಾಬ್ ಅನ್ನೋ ಇನ್ನೊಂದು ರಾನ್ಸಮ್‌ವೇರ್. ಮೊದಲೇ ಬೀಗ ಬಿದ್ದ ಫೈಲುಗಳ ಮೇಲೆ ಎರಡನೇ ಬೀಗ ಹಾಕುತ್ತಿತ್ತು.

ಡಿಜೆವಿಯು ಬಗ್ಗೆ ಸ್ವಲ್ಪ ಹೇಳಲೇಬೇಕು. ಮುಂದಿನದೆಲ್ಲಾ ಇದರ ಮೇಲೇ ನಿಂತಿದೆ. ಇದು ದೊಡ್ಡ ಕಂಪನಿಗಳ ಬೆನ್ನು ಬೀಳುವಂಥದ್ದಲ್ಲ. ಮನೆ ಕಂಪ್ಯೂಟರ್, ಡಿಟಿಪಿ ಅಂಗಡಿ, ಸ್ಟುಡಿಯೋ, ಕಾಲೇಜು ಹುಡುಗರ ಲ್ಯಾಪ್‌ಟಾಪ್, ಅಂದರೆ ಕ್ರ್ಯಾಕ್ ಹುಡುಕುವ ಎಲ್ಲರೂ ಇದರ ಗಿರಾಕಿಗಳು. ಒಳಗೆ ಬಂದ ಕೂಡಲೇ ತನ್ನ ಯಜಮಾನರ ಸರ್ವರನ್ನು ಸಂಪರ್ಕಿಸಿ ನಿಮ್ಮ ಕಂಪ್ಯೂಟರಿಗೇ ಅಂತ ಒಂದು ಕೀ ತರಿಸುತ್ತದೆ. ಇದನ್ನು ಆನ್‌ಲೈನ್ ಕೀ ಅಂತಾರೆ. ಸರ್ವರ್ ಸಿಗದಿದ್ದರೆ ತನ್ನೊಳಗೇ ಇರುವ ಒಂದು ಕೀ ಬಳಸುತ್ತದೆ. ಅದು ಆಫ್‌ಲೈನ್ ಕೀ. ಡಿಜೆವಿಯುನಲ್ಲಿ ಬೇರೆ ಬೇರೆ ತಳಿಗಳಿವೆ, ಒಂದು ತಳಿಯ ಆಫ್‌ಲೈನ್ ಕೀ ಎಲ್ಲರಿಗೂ ಒಂದೇ. ಹಾಗಾಗಿ ಯಾರಾದರೂ ಒಬ್ಬರು ದುಡ್ಡು ಕೊಟ್ಟು ಕೀ ಪಡೆದು ಅದನ್ನು ಬೀಗ ತೆಗೆಯುವ ಟೂಲ್ ಮಾಡಿದ ಎಮ್ಸಿಸಾಫ್ಟ್ ಕಂಪನಿಯವರಿಗೆ ಕೊಟ್ಟರೆ ಉಳಿದವರಿಗೂ ಬೀಗ ತೆರೆಯುತ್ತದೆ. ಆನ್‌ಲೈನ್ ಕೀ ಹಾಗಲ್ಲ, ನಿಮ್ಮದು ನಿಮಗೆ ಮಾತ್ರ.

ನಿಮ್ಮದು ಯಾವುದು ಅಂತ ತಿಳಿಯೋದು ಸುಲಭ. ಸಿ ಡ್ರೈವಿನಲ್ಲಿ ‘ಸಿಸ್ಟಮ್ ಐಡಿ’ ಅಂತ ಒಂದು ಫೋಲ್ಡರ್ ಹುಟ್ಟಿಕೊಂಡಿರುತ್ತದೆ. ಅದರೊಳಗಿನ ‘ಪರ್ಸನಲ್ ಐಡಿ’ ಫೈಲ್ ತೆರೆಯಿರಿ. ಉದ್ದುದ್ದ ಅಕ್ಷರಗಳ ಸಾಲು ಇರುತ್ತದೆ. ಕೊನೆಯಲ್ಲಿ ‘ಟಿ1’ ಅಂತ ಇದ್ದರೆ ಆಫ್‌ಲೈನ್. ಭಾವನ ಕಂಪ್ಯೂಟರಿನಲ್ಲಿ ಎರಡು ಸಾಲು ಇತ್ತು. ಒಂದರ ಕೊನೆಗೆ ಟಿ1 ಇತ್ತು, ಇನ್ನೊಂದಕ್ಕೆ ಇರಲಿಲ್ಲ. ಆ ರಾತ್ರಿ ಅವರ ಬ್ರಾಡ್‌ಬ್ಯಾಂಡ್ ಹೋಗ್ತಾ ಬರ್ತಾ ಇತ್ತಂತೆ. ನೆಟ್ ಕೈಕೊಟ್ಟದ್ದಕ್ಕೆ ಯಾವತ್ತೂ ಬೈಯುತ್ತಿದ್ದವರು ಅವತ್ತು ಆ ಎರಡಕ್ಷರವನ್ನು ಬೆರಳಿಟ್ಟು ಮುಟ್ಟಿ ಮುಟ್ಟಿ ನೋಡಿದರು.

ಇನ್ನು ಟೂಲ್ ವಿಷಯ. ಎಮ್ಸಿಸಾಫ್ಟ್ ಕಂಪನಿ ಗಿಲೆಸ್ಪಿ ಜೊತೆ ಸೇರಿ 2019ರ ಅಕ್ಟೋಬರಿನಲ್ಲಿ ಇದನ್ನು ಹೊರತಂದಿತು. ಆಗ ಗೊತ್ತಿದ್ದ 160 ತಳಿಗಳಲ್ಲಿ 148ರ ಬೀಗವನ್ನು ಇದು ತೆರೆಯುತ್ತಿತ್ತು. ಆದರೆ 2019ರ ಆಗಸ್ಟ್ ಕೊನೆಯ ಹೊತ್ತಿಗೇ ಡಿಜೆವಿಯು ಬರೆಯುವವರು ಬೀಗ ಹಾಕೋದರಲ್ಲಿದ್ದ ತಮ್ಮ ತಪ್ಪು ತಿದ್ದಿಕೊಂಡಿದ್ದರು. ಅದರ ನಂತರದ ತಳಿಗಳಿಗೆ ಆಫ್‌ಲೈನ್ ಕೀ ಸಿಕ್ಕಿದ್ದರೆ ಮಾತ್ರ ದಾರಿ. ಇದನ್ನು ತಿಳಿಯದೆ "ಟೂಲ್ ಕೆಲಸಕ್ಕೆ ಬಾರದ್ದು" ಅಂತ ಬರೆಯುವವರು ಬಹಳ ಜನ. ಅದು ಟೂಲಿಗೆ ಮಾಡುವ ಅನ್ಯಾಯ.

ಬಳಸೋಕೆ ಕಷ್ಟ ಏನಿಲ್ಲ. ಇನ್‌ಸ್ಟಾಲ್ ಮಾಡೋ ಗೋಜಿಲ್ಲ, ತೆರೆದರೆ ಡ್ರೈವುಗಳನ್ನು ಅದೇ ಪಟ್ಟಿ ಮಾಡಿಕೊಳ್ಳುತ್ತದೆ, ಬೇಕಾದ ಫೋಲ್ಡರ್ ಸೇರಿಸಿ ಡಿಕ್ರಿಪ್ಟ್ ಒತ್ತಿದರೆ ಆಯ್ತು. ಕೀ ಹುಡುಕೋಕೆ ನೆಟ್ ಬೇಕು. ಅದಕ್ಕೇ ಮೊದಲು ರಾನ್ಸಮ್‌ವೇರನ್ನು ಪೂರ್ತಿ ಕಿತ್ತು ಹಾಕಿ, ಆಮೇಲೆ ಇದನ್ನು ಓಡಿಸಿ. ಇಲ್ಲದಿದ್ದರೆ ನೀವು ತೆರೆದ ಫೈಲಿಗೆ ಅದು ಮತ್ತೆ ಬೀಗ ಹಾಕುತ್ತದೆ. ನಾವು ಬೇರೆ ಕಂಪ್ಯೂಟರಿನಲ್ಲಿ ವಿಂಡೋಸ್ ಡಿಫೆಂಡರಿನ ಆಫ್‌ಲೈನ್ ಸ್ಕ್ಯಾನ್ ಬಗ್ಗೆ ಓದಿಕೊಂಡು ಬಂದು ಅದನ್ನು ಓಡಿಸಿದೆವು. ಹೊತ್ತಿಗೆ ಸರಿಯಾಗಿ ಪ್ರೋಗ್ರಾಮ್ ಓಡಿಸುವ ವಿಂಡೋಸಿನ ಟಾಸ್ಕ್ ಶೆಡ್ಯೂಲರಿನಲ್ಲಿ ‘ಟೈಮ್ ಟ್ರಿಗರ್ ಟಾಸ್ಕ್’ ಅಂತ ಒಂದು ಕೂತಿರುತ್ತದೆ, ಅದೇ ಮತ್ತೆ ಮತ್ತೆ ರೋಗವನ್ನು ಎಬ್ಬಿಸೋದು, ಅದನ್ನು ಅಳಿಸಿದೆವು. ಸೈಟುಗಳ ವಿಳಾಸ ಬರೆದಿಡುವ ವಿಂಡೋಸಿನ ಹೋಸ್ಟ್ಸ್ ಫೈಲನ್ನೂ ನೋಡಿ. ಆಂಟಿವೈರಸ್ ಕಂಪನಿಗಳ ಸೈಟುಗಳು ತೆರೆಯದ ಹಾಗೆ ಇದು ಅಲ್ಲಿ ಅಡ್ಡಗಾಲು ಹಾಕಿರುತ್ತದೆ.

ಫಲಿತಾಂಶ ಹೇಗಿತ್ತು ಅಂದರೆ, ಮೊದಲ ದಿನ ಒಂದು ಫೈಲೂ ತೆರೆಯಲಿಲ್ಲ. ಆದರೆ ಟೂಲ್ ಸುಮ್ಮನೆ ‘ಎರರ್’ ಅಂತ ಹೇಳಿ ಕೈತೊಳೆದುಕೊಳ್ಳಲಿಲ್ಲ. ಕೆಲವು ಫೈಲಿಗೆ "ಇದು ಆನ್‌ಲೈನ್ ಐಡಿ, ತೆರೆಯೋಕೆ ಸಾಧ್ಯವಿಲ್ಲ" ಅಂತ ಬರೆಯಿತು. ಉಳಿದವಕ್ಕೆ "ಇದು ಆಫ್‌ಲೈನ್ ಐಡಿ, ಮುಂದೆ ಸಾಧ್ಯವಾಗಬಹುದು" ಅಂತ ಬರೆಯಿತು. ನಾನು ಇದಕ್ಕೆ ಅಷ್ಟು ಬೆಲೆ ಕೊಡೋದು ಯಾಕೆ ಅಂದರೆ, ಅದೇ ವಾರ ಬೆಂಗಳೂರಿನ ಒಂದು ಡೇಟಾ ರಿಕವರಿ ಅಂಗಡಿಗೆ ಹೋಗಿದ್ದೆ. ಐಡಿ ಯಾವುದು ಅಂತಲೂ ಕೇಳದೆ "ನೂರಕ್ಕೆ ನೂರು ಗ್ಯಾರಂಟಿ, 55 ಸಾವಿರ" ಅಂದರು. ಹೇಗೆ ತೆಗೀತೀರಾ ಅಂದರೆ ಉತ್ತರ ಇಲ್ಲ. ಆನ್‌ಲೈನ್ ಕೀ ಇಲ್ಲದೆ ಇದನ್ನು ಯಾರೂ ತೆರೆಯಲಾರರು. ಹಾಗಿದ್ದರೆ ಕೀ ಎಲ್ಲಿಂದ ಬರುತ್ತೆ? ಬೀಗ ಹಾಕಿದವರಿಂದಲೇ ಬರಬೇಕು ಅಲ್ವಾ? ಅಮೆರಿಕದ ಕೆಲವು ರಿಕವರಿ ಕಂಪನಿಗಳು ಹೀಗೆ ಗಿರಾಕಿಗೆ ಹೇಳದೆ ಕಳ್ಳರಿಗೇ ದುಡ್ಡು ಕಟ್ಟಿ ಮೇಲೆ ತಮ್ಮ ಲಾಭ ಇಟ್ಟುಕೊಂಡದ್ದನ್ನು 2019ರಲ್ಲೇ ಪ್ರೊಪಬ್ಲಿಕಾ ಎಂಬ ಅಲ್ಲಿನ ಸುದ್ದಿಸಂಸ್ಥೆ ಬಯಲಿಗೆ ತಂದಿತ್ತು. ನಾನು ಎದ್ದು ಬಂದೆ. ಆಗಲ್ಲ ಅಂತ ಸ್ಪಷ್ಟವಾಗಿ ಹೇಳಿದ ಆ ಪುಕ್ಕಟೆ ಟೂಲ್ ನಮ್ಮ 55 ಸಾವಿರ ಉಳಿಸಿತು.

ಕೀ ಬರುವ ತನಕ ಸುಮ್ಮನೆ ಕೂರಲಿಲ್ಲ. ಡಿಜೆವಿಯುಗೆ ಅವಸರ ಜಾಸ್ತಿ. ಇಡೀ ಫೈಲಿಗೆ ಬೀಗ ಹಾಕೋದಿಲ್ಲ, ಮೊದಲ 150 ಕೆಬಿಗೆ ಮಾತ್ರ ಹಾಕಿ ಮುಂದಿನ ಫೈಲಿಗೆ ಓಡುತ್ತದೆ. ಫೋಟೋಗೆ ಅಷ್ಟು ಸಾಕು, ತೆರೆಯೋದೇ ಇಲ್ಲ. ಆದರೆ ಎರಡು ಜಿಬಿಯ ವಿಡಿಯೋದಲ್ಲಿ 150 ಕೆಬಿ ಅಂದರೆ ಎಷ್ಟು? ಡಿಸ್ಕ್‌ಟ್ಯೂನಾದ ಮೀಡಿಯಾ ರಿಪೇರ್ ಅನ್ನೋ ಇನ್ನೊಂದು ಉಚಿತ ಟೂಲ್ ಇದನ್ನೇ ಹಿಡಿದುಕೊಂಡು ಕೆಲಸ ಮಾಡುತ್ತದೆ. ಅದೇ ಕ್ಯಾಮೆರಾದಲ್ಲಿ, ಅದೇ ಸೆಟ್ಟಿಂಗಿನಲ್ಲಿ ತೆಗೆದ ಒಂದು ಒಳ್ಳೆಯ ವಿಡಿಯೋ ಮಾದರಿಗೆ ಕೊಡಬೇಕು. ಭಾವ ಸ್ಟುಡಿಯೋ ಬಾಗಿಲಲ್ಲಿ ನಿಂತು ಬೀದಿಯದ್ದು ಒಂದು ನಿಮಿಷ ಶೂಟ್ ಮಾಡಿದರು. ಅದನ್ನು ಮಾದರಿ ಅಂತ ಕೊಟ್ಟೆವು. ಒಂದು ಮದುವೆಯ ಧಾರೆ ವಿಡಿಯೋ ಹಾಕಿದೆವು. ಸ್ವಲ್ಪ ಹೊತ್ತಿಗೆ ಪ್ಲೇಯರಿನಲ್ಲಿ ವಾಲಗದ ಸದ್ದು ಬಂತು, ಆಮೇಲೆ ಅಂತರಪಟ, ಜೀರಿಗೆ ಬೆಲ್ಲ. ಅಕ್ಕ ಅಡುಗೆಮನೆಯಿಂದ ಓಡಿ ಬಂದಳು.

ಜಿಪ್ ಫೈಲುಗಳೂ ಹಾಗೇ. ಹೆಸರಿನ ಕೊನೆಯ ನಾಲ್ಕಕ್ಷರ ಅಳಿಸಿ ಸೆವೆನ್‌ಜಿಪ್‌ನಲ್ಲಿ ತೆರೆದರೆ ಒಳಗಿನ ಮೊದಲ ಒಂದೋ ಎರಡೋ ಫೈಲ್ ಬಿಟ್ಟು ಉಳಿದವು ಸಾಮಾನ್ಯವಾಗಿ ಸಿಗುತ್ತವೆ. ಗಿರಾಕಿಗಳಿಗೆ ಕಳಿಸೋಕೆ ಅಂತ ಜಿಪ್ ಮಾಡಿಟ್ಟಿದ್ದ ಫೋಟೋಗಳು ಹೀಗೆ ವಾಪಸ್ ಬಂದವು. ಇನ್ನು ಕ್ಯಾಮೆರಾದ ಮೆಮೊರಿ ಕಾರ್ಡುಗಳು. ಫಾರ್ಮ್ಯಾಟ್ ಆಗಿದ್ದರೂ ಅದರ ಮೇಲೆ ಮತ್ತೆ ಶೂಟ್ ಮಾಡದ ಎರಡು ಕಾರ್ಡ್ ಇತ್ತು. ಫೋಟೋರೆಕ್ ಅನ್ನೋ ಉಚಿತ ಸಾಫ್ಟ್‌ವೇರ್ ಹಾಕಿ ಅದರಿಂದ ಒಂದು ಇಡೀ ಮದುವೆ ತೆಗೆದೆವು. ಫೋಟೋರೆಕ್ ನೋಡೋಕೆ ಹಳೇ ಕಾಲದ ಕಪ್ಪು ಪರದೆ, ಫೈಲ್ ಹೆಸರುಗಳೂ ಉಳಿಯೋದಿಲ್ಲ. ಸಾವಿರದೈನೂರು ಫೋಟೋ ಕೂತು ಜೋಡಿಸಬೇಕಾಯಿತು. ಜೋಡಿಸಿದೆವು.

ನವೆಂಬರಿನಲ್ಲಿ, ಪ್ರತಿ ತಿಂಗಳು ಮಾಡುತ್ತಿದ್ದ ಹಾಗೆ ಟೂಲ್ ಓಡಿಸಿದಾಗ ಸಾಲುಗಳು ಬೇರೆ ತರ ಓಡತೊಡಗಿದವು. ಆಫ್‌ಲೈನ್ ಕೀ ಬಂದಿತ್ತು. ಹಾರ್ಡ್‌ಡಿಸ್ಕಿನಲ್ಲಿದ್ದ ಹಳೇ ಫೋಟೋಗಳ ದೊಡ್ಡ ಪಾಲು ತೆರೆದುಕೊಂಡಿತು. ಎಲ್ಲೋ ಯಾರೋ ದುಡ್ಡು ತೆತ್ತು ಪಡೆದ ಕೀ ಅದು. ಅವರು ಕೊಡದಿದ್ದರೆ ನಮಗೆ ಸಿಗುತ್ತಿರಲಿಲ್ಲ. ಅವರ ಹೆಸರು ನಮಗೆ ಗೊತ್ತಾಗೋದೂ ಇಲ್ಲ.

ಕೊರತೆಗಳನ್ನೂ ಹೇಳಬೇಕು. ಟೂಲ್ ನಿಧಾನ, ದೊಡ್ಡ ಡಿಸ್ಕಿಗೆ ರಾತ್ರಿಯಿಡೀ ಬೇಕು. ತೆರೆದ ಫೈಲಿನ ಪಕ್ಕ ಬೀಗದ ಫೈಲನ್ನೂ ಉಳಿಸುತ್ತದೆ, ಅದು ಒಳ್ಳೆಯದೇ, ಆದರೆ ಎರಡರಷ್ಟು ಜಾಗ ಬೇಕು. ಹೊಸ ಕೀ ಬಂದರೆ ನಮಗೆ ತಿಳಿಸೋದಿಲ್ಲ, ನಾವೇ ಆಗಾಗ ಓಡಿಸಿ ನೋಡಬೇಕು. ಅಲ್ಲಿ ಬರುವ ಇಂಗ್ಲಿಷ್ ಸಾಲುಗಳನ್ನು ನಾನು ಭಾವನಿಗೆ ಒಂದೊಂದಾಗಿ ಕನ್ನಡದಲ್ಲಿ ಹೇಳಬೇಕಾಯಿತು. ಒಬ್ಬರೇ ಇದ್ದರೆ ಗಾಬರಿಯಲ್ಲಿ ಅದನ್ನು ಓದೋದು ಕಷ್ಟ.

ಪಾಸ್‌ವರ್ಡ್ ವಿಷಯ ಮರೆಯಬೇಡಿ. ಡಿಜೆವಿಯು ಜೊತೆಗೆ ಪಾಸ್‌ವರ್ಡ್ ಕದಿಯುವ ವೈರಸ್ಸೂ ಬರೋದು ಮಾಮೂಲು. ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡ್ ಎಲ್ಲಾ ಹೋಯಿತು ಅಂತಲೇ ತಿಳಿದು, ಬೇರೆ ಫೋನಿನಿಂದ ಬ್ಯಾಂಕು, ಇಮೇಲ್ ಎಲ್ಲದರದ್ದೂ ಬದಲಿಸಿ. 1930ಕ್ಕೆ ಫೋನ್ ಮಾಡಿ ದೂರನ್ನೂ ಕೊಡಿ, ಕೇಂದ್ರ ಸರ್ಕಾರದ ಸೈಬರ್‌ಕ್ರೈಮ್ ಪೋರ್ಟಲ್ಲಿನಲ್ಲೂ ಬರೆಯಬಹುದು.

ಈಗ ಸ್ಟುಡಿಯೋದಲ್ಲಿ ಕ್ರ್ಯಾಕ್ ಇಲ್ಲ. ಸಣ್ಣ ಊರಿನ ಸ್ಟುಡಿಯೋಗೆ ತಿಂಗಳು ತಿಂಗಳು ಸಾಫ್ಟ್‌ವೇರ್ ಬಾಡಿಗೆ ಕಟ್ಟೋದು ಎಷ್ಟು ಭಾರ ಅಂತ ನನಗೆ ಗೊತ್ತು. ಎರಡು ಸಾಫ್ಟ್‌ವೇರ್ ಬದಲು ಫೋಟೋ ತಿದ್ದುವ ಉಚಿತದ ಗಿಂಪ್ ಕಲಿತರು, ಒಂದಕ್ಕೆ ದುಡ್ಡು ಕೊಡುತ್ತಾರೆ. ವಿಂಡೋಸ್ ಸೆಕ್ಯುರಿಟಿಯಲ್ಲಿ ರಾನ್ಸಮ್‌ವೇರ್ ಪ್ರೊಟೆಕ್ಷನ್ ಅಂತ ಒಂದು ಜಾಗ ಇದೆ, ಅಲ್ಲಿರುವ ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್ 2017ರಿಂದಲೇ ವಿಂಡೋಸ್ 10ರಲ್ಲಿದ್ದರೂ ಅದು ತಾನಾಗಿ ಆನ್ ಆಗಿರೋದಿಲ್ಲ. ಅದನ್ನು ಆನ್ ಮಾಡಿ ಫೋಟೋ ಫೋಲ್ಡರುಗಳನ್ನು ಸೇರಿಸಿದೆವು. ಗುರುತಿಲ್ಲದ ಪ್ರೋಗ್ರಾಮ್ ಈಗ ಆ ಫೋಲ್ಡರನ್ನು ಮುಟ್ಟೋಕೆ ಬಂದರೆ ತಡೆಯುತ್ತದೆ. ಮೊದಮೊದಲು ಆಲ್ಬಂ ಸಾಫ್ಟ್‌ವೇರನ್ನೂ ತಡೆಯಿತು, ಅದಕ್ಕೆ ಅನುಮತಿ ಕೊಡಬೇಕಾಯಿತು. ಎರಡು ಹಾರ್ಡ್‌ಡಿಸ್ಕ್ ಇದೆ. ಒಂದು ಸ್ಟುಡಿಯೋದಲ್ಲಿ, ಒಂದು ಮನೆಯಲ್ಲಿ. ರಾತ್ರಿ ಕಾಪಿ ಆದ ಕೂಡಲೇ ವೈರ್ ತೆಗೆಯುತ್ತಾರೆ.

ಮೂರನೆಯದೊಂದು ಡಿಸ್ಕೂ ಇದೆ, ಅಕ್ಕನ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಕೆಳಗೆ. ಆನ್‌ಲೈನ್ ಐಡಿಯ ಫೈಲುಗಳೆಲ್ಲಾ ಅದರಲ್ಲಿವೆ, ಆ ಚೀಟಿ ಮತ್ತು ಐಡಿ ಫೈಲಿನ ಸಮೇತ. ಶೇಡ್ ಅನ್ನೋ ರಾನ್ಸಮ್‌ವೇರ್ ಬರೆದವರು 2020ರಲ್ಲಿ ತಾವಾಗಿಯೇ ಏಳೂವರೆ ಲಕ್ಷ ಕೀಗಳನ್ನು ಹೊರಗೆ ಬಿಟ್ಟಿದ್ದರು. ಹಾಗೆ ಒಂದು ದಿನ ಇದರದ್ದೂ ಬರಬಹುದು. ಆ ಡಿಸ್ಕಿನ ಮೇಲೆ ಭಾವ ಬಿಳಿ ಟೇಪ್ ಅಂಟಿಸಿ ನಾಲ್ಕು ಜೋಡಿಗಳ ಹೆಸರು, ಮದುವೆಯ ತಾರೀಕು, ಛತ್ರದ ಹೆಸರು ಬರೆದಿಟ್ಟಿದ್ದಾರೆ.