ರಾಯಚೂರಿನ ವ್ಯಸನಮುಕ್ತಿ ಕೇಂದ್ರ, ಮತ್ತ ಅಲ್ಲಿದ್ದ ನಮ್ಮ ಅಕ್ಕೋರು

ನಮ್ಮಣ್ಣನ್ನ ಸೇರಿಸಿದ್ದ ಕೇಂದ್ರದ ಬಗ್ಗೆ ಬರೀಬೇಕು ಅಂತ ಎರಡು ವರ್ಷದಿಂದ ಅನ್ಕೊಂತಾನೇ ಇದ್ದೆ. ಈಗ ಬರಿಯಾಕ ಕುಂತೀನಿ, ಅಲ್ಲಿನ ಕೌನ್ಸೆಲರ್ ಅಕ್ಕೋರೇ ಇಲ್ಲ. ಹೋದ ತಿಂಗಳು ತೀರಿಕೊಂಡ್ರು. ಅವರು ಇದ್ದಾಗೇ ಬರೀಬೇಕಿತ್ತು.

ಮೊದ್ಲು ಜಾಗದ್ದು ಹೇಳಿಬಿಡ್ತೀನಿ. ಬಾಡಿಗಿ ಬಿಲ್ಡಿಂಗ್, ಮ್ಯಾಲಿನ ಮಹಡಿ, ಬ್ಯಾಸಗ್ಯಾಗ ಫ್ಯಾನ್ ಗಾಳಿನೂ ಸುಡ್ತದ. ಬಾತ್‌ರೂಮ್ ಎರಡೇ ಅವ, ಮುಂಜಾನೆ ಪಾಳಿ ಹಚ್ಚಬೇಕು. ಊಟ ಚೊಲೋ ಅದ, ರೊಟ್ಟಿ, ಪುಂಡಿಪಲ್ಲೆ, ಅನ್ನ ಸಾರು. ದುಡ್ಡಿಗೆ ರಸೀದಿ ಕೊಡ್ತಾರ, ಮನಿಯವರು ಯಾವಾಗ ಫೋನ್ ಮಾಡಿದ್ರೂ ಪೇಷೆಂಟ್ ಕೈಗೆ ಕೊಡ್ತಾರ. ಇದನ್ನ ಯಾಕ ಹೇಳಾಕತ್ತೀನಿ ಅಂದ್ರ, ಅದಕ್ಕೂ ಮೊದ್ಲು ಬ್ಯಾರೆ ಊರಾಗ ಒಂದು ಕಡೆ ಸೇರಿಸಿದ್ವಿ, ಅಲ್ಲಿ ಒಂದು ತಿಂಗಳು ಅಣ್ಣನ ದನಿ ಕೇಳಾಕ ಕೊಡಲಿಲ್ಲ, ಬಂದಾಗ ಬೆನ್ನ ಮ್ಯಾಲೆ ಬರೆ ಇದ್ವು, ಬಂದ ಮೂರನೇ ದಿನಕ್ಕ ಮತ್ತ ಕುಡದ.

ಅಣ್ಣ ಗಂಜ್‌ನಾಗ ಹಮಾಲಿ. 2007ರಾಗ ಸಾರಾಯಿ ಬಂದ್ ಆದಾಗ ನಮ್ಮವ್ವ ದೇವರಿಗೆ ಕಾಯಿ ಒಡದಿದ್ಲು, ಇನ್ನ ಇವ ಬಿಡ್ತಾನ ಅಂತ. ಅವ ಸೇಂದಿ ಹಿಡದ. ನಮ್ಮ ಕಡೆ ಸೇಂದಿ ಅಂತ ಕದ್ದು ಮಾರೋದು ಬಾಳಷ್ಟು ಮರದಿಂದ ಇಳಿಸಿದ್ದಲ್ಲ, ನೀರಿಗೆ ಸಿಎಚ್ ಪೌಡರ್ ಅಂದ್ರ ಕ್ಲೋರಲ್ ಹೈಡ್ರೇಟ್ ಕಲಸಿದ್ದು, ಅದು ನಿದ್ದಿ ಬರಿಸೋ ಕೆಮಿಕಲ್. ಒಂದು ಶ್ರಾವಣಕ್ಕ ಆಣಿ ಮಾಡಿ ಮನ್ಯಾಗೇ ಒಮ್ಮೆಲೇ ಬಿಟ್ಟ. ಎರಡನೇ ದಿನ ಫಿಟ್ಸ್ ಬಂತು, ಮೂರನೇ ದಿನ ಗೋಡಿ ಮ್ಯಾಲೆ ಹುಳ ಹರಿದಾಡಾಕತ್ತಾವ ಅಂತ ಕೈಲೆ ಒರಸಾಕತ್ತಿದ, ಅವ್ವ ಗಾಳಿ ಸೋಕ್ಯಾದ ಅಂತ ತಾಯತ ಕಟ್ಟಿಸಿದ್ಲು. ಇದು ದೆವ್ವ ಅಲ್ಲ, ದಿನಾ ಕುಡಿಯೋ ಮೈಗೆ ಒಮ್ಮೆಲೇ ಸಿಗಲಿಲ್ಲ ಅಂದ್ರ ಹಿಂಗಾಗ್ತದ, ಜೀವಾನೂ ಹೋಗ್ತದ, ಬಿಡಿಸೋದಾದ್ರ ದವಾಖಾನ್ಯಾಗ ಡಾಕ್ಟರ್ ಮುಂದ ಬಿಡಿಸ್ರಿ ಅಂತ ನಮಗ ಹೇಳಿದವರು ಅಕ್ಕೋರು. ಇದನ್ನ ಓದಿದವರು ಇದೊಂದು ಮಾತು ಖರೇನ ನೆನಪಿಡ್ರಿ.

ನಮ್ಮ ಅತ್ತಿಗಿ ಆಗ ಯಾರೋ ಹೇಳಿದ್ರು ಅಂತ ‘ಗೊತ್ತಾಗದಂಗ ಊಟದಾಗ ಹಾಕ್ರಿ’ ಅನ್ನೋ ಪುಡಿ ತಂದು ಸಾರಿನಾಗ ಕಲಸ್ತಿದ್ಲು. ಅಕ್ಕೋರು ಬೈಲಿಲ್ಲ. ಆ ಪೊಟ್ಟಣ ಇಸ್ಕೊಂಡು ಡಾಕ್ಟರ್‌ಗೆ ತೋರಿಸಿ, ಇಂಥಾದ್ರಾಗ ಏನಿರ್ತದ ಯಾರಿಗೂ ಗೊತ್ತಿರಲ್ಲ, ಡೈಸಲ್ಫಿರಾಮ್ ಅನ್ನೋ ಗುಳಿಗಿ ಇದ್ರ ಅದರ ಮ್ಯಾಲೆ ಕುಡಿದ್ರ ವಾಂತಿ, ಎದಿ ಹೊಡಕೊಳ್ಳೋದು, ಬಿಪಿ ಇಳಿಯೋದು, ಆ ಗುಳಿಗಿ ತಗೊಳ್ಳೋ ಮನಷ್ಯಾನೇ ತಿಳಕೊಂಡು ಒಪ್ಪಿ ತಗೋಬೇಕವ್ವಾ ಅಂದ್ರು. ಅತ್ತಿಗಿ ಅಳಾಕತ್ತಿದ್ಲು, ಅವಳ ಕೈ ಬಿಡದಂಗ ಹಿಡಕೊಂಡೇ ಹೇಳಿದ್ರು.

ಅವರ ಕೆಲಸ ಹೆಂಗಿತ್ತು ಅಂದ್ರ, ಅಣ್ಣಗ ಒಂದು ನೋಟ್‌ಬುಕ್ ಕೊಟ್ಟು, ‘ತಮ್ಮಾ, ಗಂಜ್‌ನಿಂದ ಮನಿತನಕ ದಾರಿ ಬರಿ’ ಅಂದ್ರು. ಅವಗ ಅಕ್ಷರ ಅಷ್ಟಕ್ಕಷ್ಟ, ಪೆನ್ಸಿಲ್‌ಲೆ ಗೀಟು ಎಳದ. ದಾರ್‍ಯಾಗ ಎಲ್ಲೆಲ್ಲಿ ಸೇಂದಿ ಸಿಗ್ತದ, ಎಲ್ಲಿ ವೈನ್ ಶಾಪ್, ಎಲ್ಲಿ ದೋಸ್ತರು ಕುಂದರ್ತಾರ ಅಲ್ಲೆಲ್ಲ ಚುಕ್ಕಿ ಇಡಿಸಿದ್ರು. ಒಂಬತ್ತು ಚುಕ್ಕಿ ಆದ್ವು. ಅಣ್ಣ ತಾನೇ ನೋಡಿ ಸುಮ್ಮನಾದ. ಆಮ್ಯಾಲೆ ಇಬ್ಬರೂ ಕೂಡಿ ಮಾವಿನಕೆರಿ ಕಡಿಂದ ಸುತ್ತು ಹಾಕ್ಕೊಂಡು ಬರೋ ಇನ್ನೊಂದು ದಾರಿ ಬರದ್ರು, ಅದ್ರಾಗ ಎರಡೇ ಚುಕ್ಕಿ. ಶನಿವಾರದ ಪಗಾರ ಅತ್ತಿಗಿ ಕೈಗೇ ಬರೋಹಂಗ ಮುಕಾದಮನ ಹತ್ರ ತಾವೇ ಹೋಗಿ ಮಾತಾಡಿದ್ರು. ಆಸಿ ಆದ್ರ ಅರ್ಧ ತಾಸು ತಡಿ, ಏನರ ತಿನ್ನು, ಇಲ್ಲಂದ್ರ ನನಗ ಫೋನ್ ಹಚ್ಚು ಅಂತಿದ್ರು, ಹಚ್ಚಿದ್ರ ರಾತ್ರಿ ಹನ್ನೊಂದಕ್ಕೂ ಎತ್ತತಿದ್ರು.

ನಡುವ ಒಮ್ಮೆ ಅಣ್ಣ ಜಾತ್ರ್ಯಾಗ ಕುಡದ. ನಾಚಿಗಿಗೆ ಕೇಂದ್ರದ ಕಡೆ ಹೋಗಲಿಲ್ಲ. ಗುರುವಾರ ಫಾಲೋಅಪ್‌ಗೆ ಬರ್ಲಿಲ್ಲ ಅಂತ ಶುಕ್ರವಾರ ಅಕ್ಕೋರೇ ಮನಿ ಬಾಗಲಾಗ ನಿಂತಿದ್ರು, ಮೇ ತಿಂಗಳ ಬಿಸಿಲು, ಸೀರಿ ಸೆರಗು ತಲಿ ಮ್ಯಾಲೆ. ‘ಎಷ್ಟು ಕುಡದಿ’ ಅಂತ ಕೇಳಲಿಲ್ಲ, ‘ಯಾವ ಚುಕ್ಕಿಯಾಗ ಸಿಕ್ಕೊಂಡಿ’ ಅಂತ ಕೇಳಿದ್ರು. ನೋಟ್‌ಬುಕ್ ತಗಸಿ ಹತ್ತನೇ ಚುಕ್ಕಿ ಇಡಿಸಿದ್ರು. ಆವತ್ತಿಂದ ಇವತ್ತಿಗೆ ಅವ ಮುಟ್ಟಿಲ್ಲ.

ಒಮ್ಮೆ ಅವರೇ ಹೇಳಿದ್ದು, 1985ರಾಗ ನಿಮ್ಹಾನ್ಸ್‌ನವರು ನಮ್ಮ ಬಾಜು ಬಳ್ಳಾರಿ ಜಿಲ್ಲಾದಾಗ ಹಳ್ಳಿ ಆಸ್ಪತ್ರಿ ಮಟ್ಟಕ್ಕೇ ಮನಸ್ಸಿನ ಚಿಕಿತ್ಸೆ ಕೊಡೋದು ಮಾಡಿ ತೋರಿಸಿದ್ರಂತ, ಅದನ್ನೇ ನೋಡಿ 1996ರಿಂದ ದೇಶದಾಗೆಲ್ಲ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಆತಂತ. ‘ನಮ್ಮ ಕಡಿಂದಲೇ ಕಲಿತಾರ ತಮ್ಮಾ’ ಅಂತ ಹೇಳುವಾಗ ಅವರ ಮುಖ ನೋಡಬೇಕಿತ್ತು.

ಮಣ್ಣಿಗೆ ನಾವೂ ಹೋಗಿದ್ವಿ. ಮಾನ್ವಿ, ದೇವದುರ್ಗ, ಸಿಂಧನೂರು ಕಡಿಂದ ಗಂಡಸರು ಬಂದಿದ್ರು, ಒಬ್ಬರಿಗೊಬ್ಬರು ಹೆಸರು ಗೊತ್ತಿಲ್ಲ. ಒಬ್ಬಾವ ಕುಡದೇ ಬಂದಿದ್ದ, ರಸ್ತೆ ಆಚೆ ಬೇವಿನ ಗಿಡದ ಬುಡಕ ನಿಂತು ಅಳಾಕತ್ತಿದ್ದ, ಒಳಗ ಬರಾಕ ಧೈರ್ಯ ಇಲ್ಲ. ನಮ್ಮಣ್ಣ ಹೋಗಿ ತೋಳು ಹಿಡದು ಕರಕೊಂಡು ಬಂದು ಹೂ ಹಾಕಿಸಿದ.

ಈಗ ಹೊಸ ಹುಡುಗ ಬಂದಾನ ಕೌನ್ಸೆಲಿಂಗ್‌ಗೆ, ಸಾವಕಾಶ ಮಾತಾಡ್ತಾನ, ಚೊಲೋ ಅನಸ್ತದ. ಆದ್ರ ಫಾಲೋಅಪ್ ಫೋನು ಇನ್ನೂ ಮೊದಲಿನಂಗ ಬರಾಕತ್ತಿಲ್ಲ, ಕೇಂದ್ರದವರು ದಯವಿಟ್ಟು ಅದನ್ನ ಬಿಡಬ್ಯಾಡ್ರಿ. ದೂರದವರು 14446ಕ್ಕ ಫೋನ್ ಹಚ್ಚಿ ಕೇಳಬಹುದು, ವ್ಯಸನದ ಸಲುವಾಗೇ ಇರೋ ಸರ್ಕಾರಿ ನಂಬರ್, ಫ್ರೀ. ಮನಸ್ಸಿಗೆ ಬ್ಯಾರೆ ತ್ರಾಸ ಇದ್ರ 14416, ಟೆಲಿ ಮನಸ್.

ರೇಟಿಂಗ್ ಬಾತ್‌ರೂಮಿಗೆ 2, ಊಟಕ್ಕ 4, ಅಕ್ಕೋರಿಗೆ 5. ಅಣ್ಣನ ನೋಟ್‌ಬುಕ್ ಇನ್ನೂ ಅಲ್ಲೇ ಅವರ ಟೇಬಲ್ ಡ್ರಾನಾಗ ಅದ, ಈ ಗುರುವಾರ ಅವನ ಜೋಡಿ ನಾನೂ ಹೊಂಟೀನಿ.