ಮೊನೊ, ಲೆಗಾಟೊ, ಪಾಲಿ: ಒಂದೇ ಪ್ಯಾಚ್‌ನಲ್ಲಿ ನುಡಿಸಿ ನೋಡಿದ ಹೋಲಿಕೆ

ಸಿಂಥ್ (ಸಿಂಥಸೈಜರ್) ಕೊಂಡವರು ಫಿಲ್ಟರ್, ಆಸಿಲೇಟರ್ ಅಂತ ತಲೆ ಕೆಡಿಸಿಕೊಳ್ಳುವಷ್ಟು ಕೀಬೋರ್ಡ್ ಮೋಡ್, ಅಂದರೆ ಒತ್ತಿದ ಕೀಗಳಿಗೆ ವಾದ್ಯ ಹೇಗೆ ಸ್ಪಂದಿಸಬೇಕು ಅನ್ನುವ ಆಯ್ಕೆಯ ಬಗ್ಗೆ ಕೆಡಿಸಿಕೊಳ್ಳುವುದಿಲ್ಲ. ಮೆನುವಿನ ಯಾವುದೋ ಮೂಲೆಯಲ್ಲಿ ಮೊನೊ (ಒಂದು ಸಲಕ್ಕೆ ಒಂದೇ ಸ್ವರ), ಲೆಗಾಟೊ (ಸ್ವರಗಳನ್ನು ಕೂಡಿಸಿ ನುಡಿಸುವ ಮೊನೊ), ಪಾಲಿ (ಒಟ್ಟಿಗೆ ಹಲವು ಸ್ವರ), ಯೂನಿಸನ್ ಅಂತ ಇರುತ್ತದೆ, ಮೊದಲಿಂದ ಏನಿತ್ತೋ ಅದನ್ನೇ ಬಿಟ್ಟು ನುಡಿಸುತ್ತಾರೆ. ವಾದ್ಯ ಕೈಗೆ ಒಗ್ಗುತ್ತದೋ ಇಲ್ಲವೋ ಅನ್ನುವುದು ಬಹುಪಾಲು ತೀರ್ಮಾನವಾಗುವುದೇ ಇಲ್ಲಿ.

ಹೋಲಿಸಲಿಕ್ಕೆಂದು ಒಂದೇ ಪ್ಯಾಚ್ (ಶಬ್ದದ ಸೆಟ್ಟಿಂಗ್) ಇಟ್ಟುಕೊಂಡೆ. ಶಬ್ದ ಹುಟ್ಟಿಸಲು ಒಂದು ಸಾಟೂತ್ ಆಸಿಲೇಟರ್, ಮೇಲಿನ ಆವರ್ತನಗಳನ್ನು ತಡೆಯಲು ಲೋಪಾಸ್ ಫಿಲ್ಟರ್. ಫಿಲ್ಟರ್ ಎನ್ವಲಪ್‌ನ ಅಟ್ಯಾಕ್ (ಏರುವ ಸಮಯ) ಸೊನ್ನೆ, ಡಿಕೇ (ಇಳಿಯುವ ಸಮಯ) 300 ಮಿಲಿಸೆಕೆಂಡ್, ಸಸ್ಟೇನ್ (ಇಳಿದ ಮೇಲೆ ನಿಲ್ಲುವ ಮಟ್ಟ) ತೀರಾ ಕಡಿಮೆ. ಕೀ ಒತ್ತಿದ ಮೇಲೆ ಫಿಲ್ಟರ್ ಹೇಗೆ ತೆರೆದು ಮುಚ್ಚಬೇಕು ಅನ್ನುವುದನ್ನು ಹೇಳುವುದೇ ಈ ಎನ್ವಲಪ್. ಎನ್ವಲಪ್ ಶುರುವಾದಾಗಲೆಲ್ಲ ‘ವಾವ್’ ಅಂತ ಬಾಯಿ ತೆರೆದು ಮುಚ್ಚಿದ ಹಾಗೆ ಕೇಳುತ್ತದೆ, ಹಾಗಾಗಿ ಟ್ರಿಗರ್ (ಎನ್ವಲಪ್ ಶುರುಮಾಡುವ ಸಂಕೇತ) ಬಿತ್ತೋ ಇಲ್ಲವೋ ಅನ್ನುವ ಅನುಮಾನಕ್ಕೆ ಜಾಗವಿಲ್ಲ. ನುಡಿಸಿದ್ದು ಸಿ, ಇ, ಜಿ, ಮತ್ತೆ ಇ. ಒಂದು ಬೆರಳು ಏಳುವ ಮೊದಲೇ ಇನ್ನೊಂದು ಬೀಳಬೇಕು.

ರೀಟ್ರಿಗರ್ (ಪ್ರತಿ ಕೀಗೂ ಹೊಸ ಟ್ರಿಗರ್) ಇರುವ ಮೊನೊದಲ್ಲಿ ನಾಲ್ಕು ಸ್ವರಕ್ಕೆ ನಾಲ್ಕು ‘ವಾವ್’. ಬೆರಳು ಹೇಗೇ ಬೀಳಲಿ, ಪ್ರತಿ ಸ್ವರವೂ ಒಂದೇ ತೂಕದಲ್ಲಿ ಬರುತ್ತದೆ. ಬೇಸ್ ಲೈನ್‌ಗೆ ನಾನು ಕಣ್ಣು ಮುಚ್ಚಿ ಆರಿಸುವುದು ಇದನ್ನೇ. ಒಂದು ಕಿರಿಕಿರಿ ಮಾತ್ರ ಇದೆ. ಕೆಲವು ಡಿಜಿಟಲ್ ಸಿಂಥ್‌ಗಳು ರೀಟ್ರಿಗರ್ ಆದಾಗ ವಾಲ್ಯೂಮ್ ಎನ್ವಲಪ್ಪನ್ನು ಸೊನ್ನೆಗೆ ಇಳಿಸಿ ಮತ್ತೆ ಏರಿಸುತ್ತವೆ, ಆಗ ಸ್ವರಗಳು ಸೇರುವ ಕಡೆ ‘ಟಿಕ್’ ಅನ್ನುತ್ತದೆ. ಅಟ್ಯಾಕನ್ನು ಮೂರ್ನಾಲ್ಕು ಮಿಲಿಸೆಕೆಂಡ್‌ಗೆ ಏರಿಸಿದರೆ ಬಹುಮಟ್ಟಿಗೆ ಅಡಗುತ್ತದೆ.

ಲೆಗಾಟೊಗೆ ಬದಲಿಸಿದರೆ ಅದೇ ನಾಲ್ಕು ಸ್ವರಕ್ಕೆ ಒಂದೇ ‘ವಾವ್’. ಸಿ ಮೇಲೆ ಫಿಲ್ಟರ್ ತೆರೆದುಕೊಂಡಿತು, ಆಮೇಲೆ ಬದಲಾದದ್ದು ಪಿಚ್ ಮಾತ್ರ. ಯಾವುದಾದರೂ ಒಂದು ಕೀ ಒತ್ತಿರುವವರೆಗೆ ಗೇಟ್ (‘ಕೀ ಒತ್ತಿದೆ’ ಅನ್ನುವ ಸಂಕೇತ) ಮುಚ್ಚುವುದಿಲ್ಲ, ಗೇಟ್ ಮುಚ್ಚದೆ ಹೊಸ ಟ್ರಿಗರ್ ಇಲ್ಲ. ಸಸ್ಟೇನ್ ಕಡಿಮೆ ಇಟ್ಟಿದ್ದರಿಂದ ಕೊನೆಯ ಇ ಮಂಕಾಗಿ ಬಂತು. ಲೆಗಾಟೊ ಚೆನ್ನಾಗಿಲ್ಲ ಅನ್ನುವವರು ಮೊದಲು ಸಸ್ಟೇನ್ ಏರಿಸಿ ನೋಡಬೇಕು. ಇನ್ನು ಜಿ ಒತ್ತುವ ಮುಂಚೆ ಬೆರಳನ್ನು ಪೂರ್ತಿ ಎತ್ತಿ ಬಿಟ್ಟರೆ ಅಲ್ಲೊಂದು ಹೊಸ ‘ವಾವ್’ ಹುಟ್ಟುತ್ತದೆ. ಅಂದರೆ ಒತ್ತು ಎಲ್ಲಿ ಬೀಳಬೇಕು ಅನ್ನುವುದು ಬೆರಳಿನ ಕೈಯಲ್ಲೇ ಇದೆ. ಗ್ಲೈಡ್ (ಒಂದು ಸ್ವರದಿಂದ ಇನ್ನೊಂದಕ್ಕೆ ಪಿಚ್ ಜಾರುವುದು) ಕೂಡ ಬೆರಳು ಕೂಡಿದಾಗ ಮಾತ್ರ ಜಾರುವ ಹಾಗೆ ಹೊಂದಿಸಿಕೊಂಡರೆ ಲೀಡ್ (ಮುಖ್ಯ ರಾಗದ ಸಾಲು) ನುಡಿಸಲು ಬೇರೇನೂ ಬೇಡ.

ಇಷ್ಟು ಹೊತ್ತು ಇದ್ದದ್ದು ಕೊನೆಗೆ ಒತ್ತಿದ ಕೀಗೆ ಆದ್ಯತೆ, ಅಂದರೆ ಹಲವು ಕೀ ಒತ್ತಿದ್ದರೂ ಕೇಳಿಸುವುದು ಅದರ ಸ್ವರ. ಹಳೆಯ ಅನಲಾಗ್‌ಗಳೆಲ್ಲ ಹಾಗಿರಲಿಲ್ಲ. 1970ರ ಮಿನಿಮೂಗ್‌ನಲ್ಲಿ ಕೆಳಗಿನ ಸ್ವರಕ್ಕೆ ಆದ್ಯತೆ, ಜೊತೆಗೆ ಒಂದೇ ಟ್ರಿಗರ್. ಆ ಸೆಟ್ಟಿಂಗ್‌ನಲ್ಲಿ ಅದೇ ತುಣುಕನ್ನು ನುಡಿಸಿದಾಗ ಲಯವೇ ಕೈಬಿಟ್ಟು ಹೋಯಿತು. ಸಿ ಹಿಡಿದೇ ಇ ಒತ್ತಿದರೆ ಏನೂ ಆಗುವುದಿಲ್ಲ, ಸಿ ಬಿಟ್ಟ ಕ್ಷಣಕ್ಕೆ ಇ ಕೇಳಿಸುತ್ತದೆ. ಜಿ ಬರುವುದೂ ಇ ಬಿಟ್ಟಮೇಲೆಯೇ. ಆದರೆ ಜಿಯಿಂದ ಇಳಿದು ಇ ಒತ್ತಿದರೆ ತಕ್ಷಣ ಬರುತ್ತದೆ. ಏರುವಾಗ ತಾಳ ನಿಲ್ಲುವುದು ಬೆರಳು ಎತ್ತುವುದರ ಮೇಲೆ, ಇಳಿಯುವಾಗ ಒತ್ತುವುದರ ಮೇಲೆ! ಪಿಯಾನೊ ಕೈ ಇರುವವರಿಗೆ ಇದು ಶುದ್ಧ ತಲೆನೋವು. ಬೆರಳುಗಳನ್ನು ಬಿಡಿಬಿಡಿಯಾಗಿ ಇಟ್ಟರೆ ಸರಿಹೋಗುತ್ತದೆ, ಆದರೆ ಆಗ ಪ್ರತಿ ಸ್ವರಕ್ಕೂ ಟ್ರಿಗರ್ ಬೀಳುತ್ತದೆ, ಲೆಗಾಟೊ ಕಳೆದುಹೋಗುತ್ತದೆ. ಹಳೆಯ ಲೀಡ್ ಲೈನ್‌ಗಳನ್ನು ಇದ್ದ ಹಾಗೇ ನುಡಿಸಬೇಕು ಅನ್ನುವವರಿಗೆ ಇದು ಬೇಕು. ಉಳಿದವರು ಹತ್ತಿರ ಹೋಗುವುದು ಬೇಡ.

ರೋಲ್ಯಾಂಡ್ 1982ರಲ್ಲಿ ತಂದ ಎಸ್‌ಎಚ್-101ರಲ್ಲಿ ಈ ಎರಡೂ ಲೋಕ ಒಂದೇ ಸ್ವಿಚ್‌ನಲ್ಲಿವೆ. ‘ಗೇಟ್’ನಲ್ಲಿಟ್ಟರೆ ಕೆಳಗಿನ ಸ್ವರಕ್ಕೆ ಆದ್ಯತೆ, ರೀಟ್ರಿಗರ್ ಇಲ್ಲ. ‘ಗೇಟ್ ಪ್ಲಸ್ ಟ್ರಿಗರ್’ ಅಂದರೆ ಕೊನೆಯ ಸ್ವರಕ್ಕೆ ಆದ್ಯತೆ, ಪ್ರತಿ ಕೀಗೂ ರೀಟ್ರಿಗರ್. ಮೂರನೆಯದರಲ್ಲಿ ಎಲ್‌ಎಫ್‌ಒ (ನಿಧಾನವಾಗಿ ಅಲೆಯುವ ಆಸಿಲೇಟರ್) ತಾನೇ ಟ್ರಿಗರ್ ಹೊಡೆಯುತ್ತಾ ಹೋಗುತ್ತದೆ. ನನಗೆ ಬೇಕಾದ ಜೋಡಿ, ಅಂದರೆ ಕೊನೆಯ ಸ್ವರಕ್ಕೆ ಆದ್ಯತೆಯೂ ಒಂದೇ ಟ್ರಿಗರ್ರೂ, ಆ ಸ್ವಿಚ್‌ನಲ್ಲೇ ಇಲ್ಲ. ಈಗಿನ ಸಾಫ್ಟ್‌ವೇರ್ ಸಿಂಥ್‌ಗಳಲ್ಲಿ ಇವೆರಡನ್ನೂ ಬೇರೆ ಬೇರೆಯಾಗಿ ಆರಿಸಿಕೊಳ್ಳಬಹುದು ಅನ್ನುವುದೇ ದೊಡ್ಡ ಪುಣ್ಯ. ಕೊನೆಯ ಸ್ವರಕ್ಕೆ ಆದ್ಯತೆ ಇಟ್ಟಾಗ ಒಂದು ಪರೀಕ್ಷೆ ಮಾಡಿ: ಸಿ ಹಿಡಿದು ಮೇಲಿನ ಜಿಯನ್ನು ತಟ್ಟಿ ತಟ್ಟಿ ಬಿಡಿ. ಪ್ರತಿ ಸಲ ಸಿಗೆ ವಾಪಸ್ ಬಂದರೆ ಒತ್ತಿಟ್ಟ ಕೀಗಳ ನೆನಪು ಅದಕ್ಕಿದೆ. ಬರದಿದ್ದರೆ ಆ ಸಿಂಥ್‌ನಲ್ಲಿ ಟ್ರಿಲ್ (ಎರಡು ಸ್ವರಗಳ ನಡುವೆ ವೇಗದ ಓಲಾಟ) ನುಡಿಸುವ ಆಸೆ ಬಿಡಿ.

ಯೂನಿಸನ್ ಬಗ್ಗೆ ಹೇಳುವಂಥದ್ದೇನಿಲ್ಲ. ಎಲ್ಲ ವಾಯ್ಸ್‌ಗಳೂ (ಒಂದೊಂದು ಸ್ವರ ನುಡಿಸುವ ಘಟಕಗಳು) ಒಂದೇ ಕೀ ಮೇಲೆ ಬೀಳುತ್ತವೆ, ಶಬ್ದ ದಪ್ಪಗಾಗುತ್ತದೆ. ಟ್ರಿಗರ್ ವಿಷಯಕ್ಕೆ ಬಂದರೆ ಅದೂ ಮೊನೊ ಕುಲದ್ದೇ.

ಪಾಲಿಯಲ್ಲಿ ಪ್ರತಿ ಕೀಗೂ ತನ್ನದೇ ಎನ್ವಲಪ್, ಹಾಗಾಗಿ ಲೆಗಾಟೊ ಪ್ರಶ್ನೆ ಏಳುವುದಿಲ್ಲ. ಅಲ್ಲಿನ ಜಗಳ ಯಾವ ವಾಯ್ಸ್ ಯಾರಿಗೆ ಅನ್ನುವುದು. ರೋಲ್ಯಾಂಡ್‌ನ ಆರು ವಾಯ್ಸ್‌ನ ಜೂನೊ-106ರಲ್ಲಿ ಇದಕ್ಕೆಂದೇ ಎರಡು ಬಟನ್ ಇವೆ. ಪಾಲಿ 1ರಲ್ಲಿ ವಾಯ್ಸ್‌ಗಳು ಸರದಿ ಪ್ರಕಾರ ತಿರುಗುತ್ತವೆ, ಬಿಟ್ಟ ಕಾರ್ಡ್‌ನ (ಒಟ್ಟಿಗೆ ನುಡಿಸಿದ ಸ್ವರಗುಚ್ಛದ) ಬಾಲ ಹೊಸ ಕಾರ್ಡ್‌ನ ಕೆಳಗೆ ಉಳಿದಿರುತ್ತದೆ. ಪಾಲಿ 2ರಲ್ಲಿ ಬಿಡುವಾದ ವಾಯ್ಸೇ ಮತ್ತೆ ಕೆಲಸಕ್ಕೆ ಬರುತ್ತದೆ, ಬಾಲ ಕತ್ತರಿಸಿ ಹೋಗುತ್ತದೆ. ರಿಲೀಸ್ (ಕೀ ಬಿಟ್ಟ ಮೇಲೆ ಶಬ್ದ ಆರುವ ಸಮಯ) ಉದ್ದ ಇಟ್ಟ ಪ್ಯಾಡ್‌ಗೆ (ಹಿನ್ನೆಲೆಯ ನೀಳ ಶಬ್ದಕ್ಕೆ) ಮೊದಲನೆಯದು. ಕಾರ್ಡ್‌ಗಳು ಒಂದರ ಮೇಲೊಂದು ಬಿದ್ದು ಕಲಸುತ್ತಿದ್ದರೆ, ಅಥವಾ ಗ್ಲೈಡ್ ಅಂದಾಜಿಗೆ ಸಿಗಬೇಕು ಅಂದರೆ ಎರಡನೆಯದು.

ಪ್ಯಾರಾಫೋನಿಕ್ ಮೊನೊ ಮತ್ತು ಪಾಲಿಯ ನಡುವೆ ನಿಲ್ಲುತ್ತದೆ. 1981ರ ಕೋರ್ಗ್ ಮೊನೊ/ಪಾಲಿಯಲ್ಲಿ ನಾಲ್ಕು ಆಸಿಲೇಟರ್ ನಾಲ್ಕು ಕೀಗೆ ಹಂಚಿಹೋದರೂ ಫಿಲ್ಟರ್ ಒಂದೇ. ಇಂಥ ಸಿಂಥ್‌ನಲ್ಲಿ ಕಾರ್ಡ್ ಹಿಡಿದು ಮೇಲೊಂದು ಸ್ವರ ಸೇರಿಸಿದರೆ, ಮಲ್ಟಿಪಲ್ ಟ್ರಿಗರ್‌ನಲ್ಲಿ ಇಡೀ ಕಾರ್ಡೇ ಮತ್ತೊಮ್ಮೆ ‘ವಾವ್’ ಅನ್ನುತ್ತದೆ. ಸಿಂಗಲ್‌ನಲ್ಲಿ ಹೊಸ ಸ್ವರ ಸದ್ದಿಲ್ಲದೆ ಒಳಗೆ ನುಸುಳುತ್ತದೆ. ಸ್ಟ್ರಿಂಗ್ಸ್ ತರಹದ ಶಬ್ದಕ್ಕೆ ನನಗೆ ಎರಡನೆಯದೇ ಇಷ್ಟ.

ಸಸ್ಟೇನ್ ಪೆಡಲ್ ಇಟ್ಟುಕೊಂಡು ಲೆಗಾಟೊ ಮೋಡ್‌ನಲ್ಲಿ ನುಡಿಸುವವರಿಗೆ ಒಂದು ಮಾತು. ಪೆಡಲ್ ಕೆಳಗಿರುವಷ್ಟು ಹೊತ್ತು ಅನೇಕ ಸಿಂಥ್‌ಗಳಲ್ಲಿ ಗೇಟ್ ತೆರೆದೇ ಇರುತ್ತದೆ, ಬೆರಳು ಎಷ್ಟೇ ಎತ್ತಿದರೂ ಹೊಸ ಟ್ರಿಗರ್ ಬೀಳುವುದಿಲ್ಲ. ನಾನು ಆ ಪೆಡಲನ್ನು ಮಿಡಿ (ವಾದ್ಯಗಳು ಪರಸ್ಪರ ಮಾತಾಡುವ ಡಿಜಿಟಲ್ ಭಾಷೆ) ಕಂಟ್ರೋಲರ್ 68ಕ್ಕೆ, ಅಂದರೆ ಲೆಗಾಟೊ ಸ್ವಿಚ್‌ಗೆ ಕೊಟ್ಟಿದ್ದೇನೆ. ಎಲ್ಲ ಸಿಂಥ್‌ಗಳೂ ಅದನ್ನು ಕೇಳುವುದಿಲ್ಲ. ಕೇಳುವ ಸಿಂಥ್ ಆದರೆ ರೀಟ್ರಿಗರ್‌ನಲ್ಲಿ ನುಡಿಸುತ್ತಾ, ಬೇಕಾದ ಎರಡು ಸ್ವರಗಳ ನಡುವೆ ಮಾತ್ರ ಕಾಲೊತ್ತಿ ಲೆಗಾಟೊಗೆ ದಾಟಬಹುದು.